ಹೋಳಿಗೆ ಡಬ್ಬಿಯ ಕಾಗದ

ಶಿರಗುಪ್ಪಿ
ಸೋಮವಾರ, 28 ಜುಲೈ 2025

ಚಿ. ಆರತಿಗೆ ಅವ್ವನ ಆಶೀರ್ವಾದ.

ಇವತ್ತು ಶ್ರಾವಣದ ಮೊದಲ ಸೋಮವಾರ, ಒಪ್ಪತ್ತು ಹಿಡಿದಿದ್ದೇನೆ. ಎಮ್ಮೆ ಹಿಂಡಿ, ಅಂಗಳ ಸಾರಿಸಿ, ಪೂಜೆ ಮುಗಿಸಿ ನಿನ್ನ ಬುತ್ತಿಗೆ ಎಂಟು ರೊಟ್ಟಿ ಬಡಿದೆ. ಮಡಕಿಕಾಳಿನ ಪಲ್ಯ, ಗುರೆಳ್ಳು ಚಟ್ನಿ ಇದೆ. ಏಳೂವರೆ ಬಸ್ಸಿನ ಕಂಡಕ್ಟರ್ ಮೆಹಬೂಬ ಎಂದಿನಂತೆ ತಂದು ನಿಮ್ಮ ದವಾಖಾನೆಯ ಗೇಟಿನಲ್ಲಿ ಕೊಡುತ್ತಾನೆ.

ಫೋನು ಮಾಡಿದರೆ "ಹೂಂ ಅವ್ವಾ, ಆಮ್ಯಾಲೆ ಮಾಡ್ತೇನಿ" ಎಂದು ಇಟ್ಟುಬಿಡುತ್ತೀ. ಆ ಆಮೇಲೆ ಎಂಬುದು ಎರಡು ತಿಂಗಳಾದರೂ ಬಂದಿಲ್ಲ. ಅದಕ್ಕೇ ರೊಟ್ಟಿ ಕಟ್ಟಿದ ಅರಿವೆಯೊಳಗೆ ಈ ಕಾಗದ ಇಟ್ಟಿದ್ದೇನೆ. ರೊಟ್ಟಿ ತಿನ್ನಬೇಕೆಂದರೆ ಅರಿವೆ ಬಿಚ್ಚಲೇಬೇಕು, ಬಿಚ್ಚಿದರೆ ಓದಲೇಬೇಕು.

ಟ್ರ್ಯಾಕ್ಟರ್ ರಿಪೇರಿಯ ಅಲ್ಲಾಸಾಬಣ್ಣ ಮೊನ್ನೆ ನಿಮ್ಮಲ್ಲಿಗೆ ಬಂದಿದ್ದನಲ್ಲ. ಅವನಿಗೆ ಮೂತ್ರ ಸರಿಯಾಗಿ ಹೋಗುತ್ತಿಲ್ಲ, ತಿಂಗಳುಗಟ್ಟಲೆ ಯಾರಿಗೂ ಹೇಳದೆ ತಡೆದುಕೊಂಡಿದ್ದ. ತೋರಿಸಿಕೊಂಡು ಬಂದವನು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತ.

"ಬಾಳವ್ವಾ, ನೀ ಹೇಳಿದಂಗ ಗಂಡು ಡಾಕ್ಟರ ಕಡೇನ ತೋರಿಸಿದೆ. ಸೌರಭ ಅಂತ. ಛಲೋ ಹುಡುಗ. ಆದ್ರ ನಿನ್ನ ಮಗಳು ಹೊರಗ ಬಾಗಲದಾಗ ಟೇಬಲ್ ಹಾಕ್ಕೊಂಡು ಹೆಸರು, ಊರು, ವಯಸ್ಸು ಬರಕೊಳ್ಳಾಕತ್ತಿದ್ಲು. ಡಾಕ್ಟರಕಿನೋ, ಬಸ್‌ಸ್ಟ್ಯಾಂಡಿನ್ಯಾಗ ರಿಜರ್ವೇಶನ್ ಮಾಡಾಕಿನೋ ತಿಳೀಲಿಲ್ಲ."

"ಹಲ್ಲು ಕಿಸೀಬ್ಯಾಡಣ್ಣಾ" ಎಂದೆ.

"ನಗಾಕತ್ತಿಲ್ಲವಾ. ಆಕಿ ಮಾರಿ ನೋಡಿ ಸಂಕಟ ಆತು."

ಆರತಿ, ನಾನು ಏಳನೆಯ ಇಯತ್ತೆ ಓದಿದವಳು. ಆದರೂ ಇಷ್ಟು ತಿಳಿಯುತ್ತದೆ. ಡಾಕ್ಟರಾಗಲು ನೀನು ಐದೂವರೆ ವರ್ಷ ಓದಿದೆ, ಕೊಯ್ಯುವುದನ್ನು ಕಲಿಯಲು ಮೂರು ವರ್ಷ. ಅದು ಸಾಲದೆಂದು ಮೂತ್ರದ ಬೇನೆಗಳಿಗೇ ಬೇರೆ ವಿದ್ಯೆ ಇದೆ, ಯೂರಾಲಜಿ ಅಂತ, ಇನ್ನೂ ಮೂರು ವರ್ಷ ಎಂದು ಸೇರಿದೆ. ಎರಡು ವರ್ಷ ಮುಗಿದವು. ನೀನೂ ಆ ಸೌರಭನೂ ಒಂದೇ ದಿನ ಸೇರಿದವರು. ಅವನು ಒಳಗೆ, ನೀನು ಬಾಗಿಲಲ್ಲಿ. ಇದು ಯಾವ ನ್ಯಾಯ?

ನಿಮ್ಮ ದೊಡ್ಡ ಡಾಕ್ಟರನ್ನು ನಾನು ಒಳ್ಳೆಯವರೆಂದು ತಿಳಿದಿದ್ದೆ. ನೀನು ಸೇರಿದ ದಿನ ತುಪ್ಪದ ಹೋಳಿಗೆ ಮಾಡಿ ಸ್ಟೀಲಿನ ಡಬ್ಬಿ ತುಂಬ ಕಳಿಸಿದ್ದೆ. ಆ ಡಬ್ಬಿ ಇನ್ನೂ ವಾಪಸ್ ಬಂದಿಲ್ಲ, ಅದು ಬೇರೆ ಮಾತು.

ನಿನ್ನ ಕೈಯಿಂದ ಎಷ್ಟು ಆಪರೇಷನ್ ಮಾಡಿಸಿದ್ದಾರೆ? ಖರೇ ಬರೆ. ಬುತ್ತಿಯ ಖಾಲಿ ಡಬ್ಬಿಯಲ್ಲಿಟ್ಟು ಕಳಿಸು.

ನಿನ್ನ ಅವ್ವ
ಬಾಳವ್ವ

•

ಹುಬ್ಬಳ್ಳಿ
30 ಜುಲೈ 2025

ಅವ್ವಾ,

ರೊಟ್ಟಿ ತಿಂದೆ, ಕಾಗದವನ್ನೂ ಓದಿದೆ.

ಕೇಳಿದ್ದಕ್ಕೆ ಹೇಳುತ್ತೇನೆ. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಉಬ್ಬಿ ಮೂತ್ರದ ದಾರಿ ಮುಚ್ಚುತ್ತದೆ. ದುರ್ಬೀನು ಹಾಕಿ ಅದನ್ನು ಒಳಗಿಂದಲೇ ಕೆರೆದು ತೆಗೆಯುತ್ತೇವೆ. ನಮ್ಮ ವಿಭಾಗದ ದಿನನಿತ್ಯದ ಕೆಲಸ ಅದು. ಅದು ಬರದವರನ್ನು ಯಾವ ಊರಿನಲ್ಲಿಯೂ ಯೂರಾಲಜಿ ಡಾಕ್ಟರು ಎನ್ನುವುದಿಲ್ಲ. ಮಾಡಿದ ಪ್ರತಿ ಆಪರೇಷನ್ನನ್ನೂ ಲಾಗ್ ಬುಕ್ ಎಂಬ ಪುಸ್ತಕದಲ್ಲಿ ಬರೆದು ದೊಡ್ಡ ಡಾಕ್ಟರ್ ಸರ್ ಅವರ ಸಹಿ ತೆಗೆದುಕೊಳ್ಳಬೇಕು. ಪರೀಕ್ಷೆಗೆ ಕೂಡುವಾಗ ಅದನ್ನು ನೋಡುತ್ತಾರೆ. ಸೌರಭನ ಪುಸ್ತಕದಲ್ಲಿ ನಲವತ್ತೊಂದು ಇವೆ. ನನ್ನದರಲ್ಲಿ ಮೂರು, ಆ ಮೂರರಲ್ಲಿಯೂ ಅರ್ಧಕ್ಕೇ ಕೈ ಬಿಡಿಸಿದರು.

ನನಗೆ ಹೆಂಗಸರ ವಾರ್ಡು, ಮಕ್ಕಳು, ಮತ್ತು ಬಾಗಿಲ ಟೇಬಲ್ಲು. "ಗಂಡಸ್ರು ನಾಚ್ಕೋತಾರಮ್ಮಾ" ಎನ್ನುತ್ತಾರೆ ಸರ್. ಸೌರಭ ಕೆಟ್ಟವನಲ್ಲ, ಒಮ್ಮೆ ತನ್ನ ಪಾಳಿ ನನಗೆ ಬಿಟ್ಟುಕೊಟ್ಟ. ಅದಕ್ಕೆ ಬೈಸಿಕೊಂಡ.

ಈ ವರ್ಷವೂ ಹೀಗೇ ಹೋದರೆ ಪರೀಕ್ಷೆಗೆ ಕೂಡುವುದರಲ್ಲಿ ಅರ್ಥವಿಲ್ಲ. ಬಿಟ್ಟುಬಿಡುವ ಯೋಚನೆಯಿದೆ. ಇದರಲ್ಲಿ ನೀನು ಕೈ ಹಾಕಬೇಡ. ಉಳಿದದ್ದನ್ನು ಕೇಳಲೂಬೇಡ.

ಆರತಿ

•

ಶಿರಗುಪ್ಪಿ
ಸೋಮವಾರ, 11 ಆಗಸ್ಟ್ 2025

ಚಿ. ಆರತಿಗೆ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಸಿಟ್ಟಿನಲ್ಲಿ ಎರಡು ಸಲ ಬರೆದು ಹರಿದೆ. ಶ್ರಾವಣದಲ್ಲಿ ಬಾಯಿಂದ ಕೆಟ್ಟ ಮಾತು ಬರಬಾರದೆಂದು ಸುಮ್ಮನಿದ್ದೆ. ಇವತ್ತು ವಿಭೂತಿ ಹಚ್ಚಿಕೊಂಡು, ದೇವರ ಮುಂದೆಯೇ ಕುಳಿತು ಬರೆಯುತ್ತಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ.

ನಾಚಿಕೊಳ್ಳುತ್ತಾರಂತೆ! ನಿನ್ನ ಮುತ್ಯಾ ಮೂರು ವರ್ಷ ಹಾಸಿಗೆ ಹಿಡಿದಿದ್ದಾಗ ಅವರನ್ನು ತೊಳೆದವರು ಯಾರು? ಮಗನೇ? ನಿಮ್ಮಪ್ಪ ಬಾಗಿಲಾಚೆ ನಿಂತು "ಆತೇನ?" ಎಂದು ಕೇಳುತ್ತಿದ್ದರು. ತೊಳೆದವಳು ನಾನು, ಸೊಸೆ. ಮಾವನೆಂದು ಸೆರಗು ಹೊತ್ತುಕೊಂಡೇ ತೊಳೆದೆ. ಮೊದಲ ದಿನ ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಮರುದಿನ "ನೀರು ಸ್ವಲ್ಪ ಬೆಚ್ಚಗ ಇರಲಿ ಯವ್ವಾ" ಎಂದರು. ನಾಚಿಕೆ ಒಂದು ದಿನದ್ದು, ಬೇನೆ ದಿನಾಲೂ ಇರುವಂಥದ್ದು. ಇಷ್ಟು ದೊಡ್ಡ ಡಾಕ್ಟರಿಗೆ ಇದು ತಿಳಿಯದೇ?

ಮಲ ತೆಗೆಯಲು ಹೆಣ್ಣಿನ ಕೈ ಬೇಕು, ಪೈಪು ತೊಳೆಯುವ ಸಿಸ್ಟರು ಹೆಣ್ಣಾದರೆ ನಡೆಯುತ್ತದೆ. ದುರ್ಬೀನು ಹಿಡಿಯುವ ಹೊತ್ತಿಗೆ ಮಾತ್ರ ಗಂಡಸರ ಮಾನ ಅಡ್ಡ ಬಂತೇ? ಯಾವ ರೋಗಿ ಬಂದು ಇವಳು ಬೇಡ ಎಂದ? ಹೆಸರು ಕೇಳು. ಯಾರೂ ಹೇಳಿರುವುದಿಲ್ಲ. ತಾವೇ ಮನಸ್ಸಿನಲ್ಲಿ ಕಟ್ಟಿಕೊಂಡು, ಒಂದು ಹೆಣ್ಣುಮಗಳ ಹತ್ತು ವರ್ಷದ ಓದನ್ನು ಬಾಗಿಲಲ್ಲಿ ಕೂಡಿಸಿದ್ದಾರೆ.

ನೀನು ಬಿಡಬೇಡ. ಮುಂದಿನ ಸೋಮವಾರ ನಾನೇ ಬರುತ್ತೇನೆ. ಅವರ ಎದುರಿಗೆ ನಿಂತು, "ನನ್ನ ಮಗಳನ್ನ ಗಂಡು ರೋಗಿಗಳಿಂದ ದೂರ ಇಡ್ರಿ ಅಂತ ನಿಮಗ ಯಾರು ಹೇಳಿದ್ರು?" ಎಂದು ಕೇಳುತ್ತೇನೆ. ಉತ್ತರ ಹೇಳದ ಹೊರತು ಏಳುವುದಿಲ್ಲ.

ಅವ್ವ

•

ಹುಬ್ಬಳ್ಳಿ
14 ಆಗಸ್ಟ್ 2025

ಅವ್ವಾ,

ಬರಬೇಡ. ಅವರ ಹತ್ತಿರ ಉತ್ತರ ಇದೆ.

ಮೊದಲನೆಯ ವರ್ಷ ನಾನೂ ಅದನ್ನೇ ಕೇಳಿದ್ದೆ. ಸರ್ ನನ್ನ ಫೈಲು ತೆಗೆದು ಒಂದು ಕಾಗದ ಮುಂದಿಟ್ಟರು. ಒಂದು ಮೂಲೆಯಲ್ಲಿ ತುಪ್ಪದ ಕಲೆ ಇತ್ತು. ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. ನನಗೆ ಬಾಯಿಪಾಠವಾಗಿದೆ, ಬರೆಯುತ್ತೇನೆ:

"ದೊಡ್ಡ ಡಾಕ್ಟರ ಸಾಹೇಬರಿಗೆ ಶರಣು. ಹೋಳಿಗೆ ಕಳಿಸಿದ್ದೇನೆ, ತಿನ್ನಬೇಕು. ಮೂರು ಮಾತು ಬಿನ್ನಹ. ಒಂದು, ನಮ್ಮ ಆರತಿ ಹಸಿವು ತಡೆಯುವುದಿಲ್ಲ, ಹೊತ್ತಿಗೆ ಊಟಕ್ಕೆ ಬಿಡಬೇಕು. ಎರಡು, ಡ್ಯೂಟಿಯಲ್ಲಿ ಉಳಿಯುವ ಹೆಣ್ಣುಮಕ್ಕಳಿಗೆ ಒಳಗಿಂದ ಚಿಲಕವಿರುವ ಖೋಲಿ ಕೊಡಬೇಕು. ಮೂರು, ಲಗ್ನವಾಗದ ಹುಡುಗಿ, ನಾಲ್ಕು ಮಂದಿ ಆಡಿಕೊಳ್ಳುತ್ತಾರೆ, ಗಂಡು ರೋಗಿಗಳ ಆ ಕೆಲಸಕ್ಕೆ ಹಚ್ಚಬಾರದು."

ಕೆಳಗೆ ನಿನ್ನ ಸಹಿ.

"ನಾ ಏನ್ ಮಾಡ್ಲಮ್ಮಾ, ನಿಮ್ಮ ತಾಯಿನ ಬ್ಯಾಡ ಅಂದಾರ" ಎಂದು ಸರ್ ನಕ್ಕರು. ಅಂದಿನಿಂದ ಪ್ರತಿ ಸಲ ಕೇಳಿದಾಗಲೂ ಅದೇ ನಗು. ಅಲ್ಲಾಸಾಬ ಕಾಕಾನಿಗೂ ಗಂಡು ಡಾಕ್ಟರಿಗೇ ತೋರಿಸು ಎಂದು ಹೇಳಿ ಕಳಿಸಿದವಳು ನೀನೇ ತಾನೆ? ನನ್ನ ಟೇಬಲ್ಲಿನ ಮುಂದೆ ಅವನು ತಲೆ ತಗ್ಗಿಸಿ ನಿಂತಿದ್ದ.

ನಿನಗೆ ಹೇಳಬಾರದೆಂದೇ ಇಷ್ಟು ದಿನ ಫೋನು ಇಡುತ್ತಿದ್ದೆ. ಕೆಲವು ದಿನ ಬುತ್ತಿ ಕಳಿಸಬೇಡ.

ಆರತಿ

•

ಶಿರಗುಪ್ಪಿ
13 ಅಕ್ಟೋಬರ್ 2025

ಚಿ. ಆರತಿಗೆ,

ಬೇಡವೆಂದರೂ ಮೂರು ಸಲ ಕಳಿಸಿದೆ. ಮೂರು ಸಲವೂ ಕಟ್ಟಿದ ಗಂಟು ಬಿಚ್ಚದೆ ವಾಪಸ್ ಬಂತು. "ಅಕ್ಕಾ, ಆಕಿ ಡ್ಯೂಟಿ ಮ್ಯಾಲ ಅದಾಳಂತ" ಎಂದು ಮೆಹಬೂಬ ಸುಳ್ಳು ಹೇಳುತ್ತಾನೆ. ಪಾಪ, ಸುಳ್ಳು ಹೇಳಲು ಬರದ ಮನುಷ್ಯ. ನಿಮ್ಮಪ್ಪನಿಗೆ ನಾನು ಏನೂ ಹೇಳಿಲ್ಲ. ಆ ರೊಟ್ಟಿಗಳನ್ನು ಅವರೇ ತಿಂದರು.

ಎಮ್ಮೆ ಕರು ಹಾಕಿದೆ, ಹೆಣ್ಣು. ಗಿಣ್ಣ ಮಾಡಿದ್ದೇನೆ. ಗಿಣ್ಣವನ್ನಾದರೂ ತಿನ್ನು. ಅರಿವೆಯೊಳಗೆ ಇದೊಂದೇ ಚೀಟಿ ಇದೆ, ಬೇರೇನೂ ಬರೆಯಲು ನನಗೆ ಬರುತ್ತಿಲ್ಲ.

ಅವ್ವ

•

16 ಅಕ್ಟೋಬರ್

ಅವ್ವಾ,

ಗಿಣ್ಣ ತಿಂದೆ. ರೊಟ್ಟಿ ಕಳಿಸು, ಕಾಗದ ಬೇಡ. ಡಿಸೆಂಬರಿನವರೆಗೆ ನೋಡುತ್ತೇನೆ, ಆಮೇಲೆ ರಾಜೀನಾಮೆ ಕೊಡುತ್ತೇನೆ.

ಆ.

•

ಶಿರಗುಪ್ಪಿ
ಶನಿವಾರ, 8 ನವೆಂಬರ್ 2025

ಚಿ. ಆರತಿಗೆ,

ಕಾಗದ ಬೇಡ ಎಂದಿದ್ದೀ. ಆದರೂ ಇದನ್ನು ಓದು. ಗುರುವಾರ ನಾನು ನಿಮ್ಮ ದವಾಖಾನೆಯಲ್ಲಿದ್ದೆ. ನೀನು ನನ್ನನ್ನು ನೋಡಲಿಲ್ಲ, ಕಂಬದ ಮರೆಯಲ್ಲಿ ನಿಂತಿದ್ದೆ.

ಅಂದು ಬೆಳಿಗ್ಗೆ ನಾನು ಸಗಣಿ ಎತ್ತುತ್ತಿದ್ದಾಗ ಅಲ್ಲಾಸಾಬಣ್ಣನ ಹೆಂಡತಿ ಮಾಶಾಬಿ ಓಡಿ ಬಂದಳು. "ಯಕ್ಕಾ, ಉಚ್ಚಿ ಪೂರಾ ಕಟ್ಟೇತಿ, ಹೊಟ್ಟಿ ಕಲ್ಲಾಗೇತಿ, ಒದ್ದಾಡಾಕತ್ತಾರ." ಟಂಟಂ ಆಟೊ ಹಿಡಿದು ಮೂವರೂ ಬಂದೆವು. ದಾರಿಯುದ್ದಕ್ಕೂ ಅವನು ಸೀಟಿನ ಕಬ್ಬಿಣ ಹಿಡಿದುಕೊಂಡು ಅಲ್ಲಾನನ್ನು ಕರೆಯುತ್ತಿದ್ದ. ನಾನು ನನ್ನ ಶಿವನನ್ನು ಕರೆಯುತ್ತಿದ್ದೆ.

ಅಲ್ಲಿ ಸಿಸ್ಟರು ಏನೆಂದರು ಕೇಳು. "ಸೌರಭ ಸರ್ ಆಪರೇಷನ್‌ದಾಗ ಅದಾರ, ಗಂಡು ಡಾಕ್ಟರ್ ಬರೂತನ ಒಂದ್ ತಾಸು ಕೂಡ್ರಿ." ಒಂದು ತಾಸು! ಮನುಷ್ಯನ ಹೊಟ್ಟೆ ಒಡೆಯುವ ಹಾಗಿದೆ, ಇವರಿಗೆ ಗಂಡು ಡಾಕ್ಟರು ಬೇಕಂತೆ. ನನ್ನ ಮೈ ಉರಿಯಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು, ಈ ಮಾತು ಎಲ್ಲಿಂದ ಬಂತೆಂದು. ತೆರೆದ ಬಾಯಿ ಮುಚ್ಚಿಕೊಂಡು ಕಂಬದ ಮರೆಗೆ ಸರಿದೆ.

ಆಗ ನೀನು ಟೇಬಲ್ಲು ಬಿಟ್ಟು ಎದ್ದು ಬಂದೆ. ಯಾರನ್ನೂ ಕೇಳಲಿಲ್ಲ.

"ಕಾಕಾ, ನಾ ಪೈಪ್ ಹಾಕಿ ಖಾಲಿ ಮಾಡ್ತೇನಿ. ನಡೀತೈತಿ?"

"ಯವ್ವಾ, ನೀ ಹಾಕು, ನಿಮ್ಮವ್ವ ಹಾಕ್ಲಿ, ಕಂಡಕ್ಟರ್ ಮೆಹಬೂಬ ಹಾಕ್ಲಿ. ಲಗೂ ಹಾಕ್ರಿ!"

ನೀನು ಪರದೆ ಎಳೆದೆ. ಎಷ್ಟು ಹೊತ್ತಾಯಿತೋ, ನಾನು ಒಂದು ಸಲ ಮಂತ್ರ ಹೇಳಿ ಮುಗಿಸಿರಲಿಲ್ಲ. ಒಳಗಿಂದ ಅವನ ಉಸಿರು ಕೇಳಿಸಿತು, ಹೊತ್ತ ಮೂಟೆ ಇಳಿಸಿದವನ ಉಸಿರು. ಆಮೇಲೆ ನಿನ್ನ ದನಿ: "ಇಂಜಿನ್ ಛಲೋ ಐತಿ ಕಾಕಾ, ಪೈಪ್ ಅಷ್ಟ ಚೋಕಪ್ ಆಗಿತ್ತು." ಅವನು ನಕ್ಕ. ನೀನೂ ನಕ್ಕೆ. ನಿನ್ನ ನಗು ಕೇಳಿ ನನಗೆ ಎಷ್ಟು ತಿಂಗಳಾಗಿತ್ತು!

ಸ್ವಲ್ಪ ಹೊತ್ತಿನ ಮೇಲೆ ಆಪರೇಷನ್ ಮುಗಿಸಿದ ಸೌರಭನ ಜೊತೆ ದೊಡ್ಡ ಡಾಕ್ಟರು ಬಂದರು. ರಿಪೋರ್ಟು ನೋಡಿ, ಪೈಪಿನೊಂದಿಗೇ ಮನೆಗೆ ಹೋಗಿ ಬುಧವಾರ ಬಂದು ಅಡ್ಮಿಟ್ ಆಗಲಿ, ಗುರುವಾರ ಹದಿಮೂರಕ್ಕೆ ದುರ್ಬೀನು ಆಪರೇಷನ್, ಸೌರಭ ಮಾಡುತ್ತಾನೆ ಎಂದರು. ಅಲ್ಲಾಸಾಬಣ್ಣ ಕೈ ಮುಗಿದ.

"ಸಾಹೇಬ್ರ, ಈಕಿನ ಮಾಡ್ಲಿ. ನನ್ನ ಜೀವ ಉಳಿಸಿದಾಕಿ ಈಕಿ."

ಅವರು ನಿನ್ನ ಕಡೆ ನೋಡಿ ನಕ್ಕರು. "ಆಗಂಗಿಲ್ಲಜ್ಜಾ. ಈಕಿ ತಾಯಿನ ಬರದು ಕೊಟ್ಟಾರ, ಬ್ಯಾಡಂತ."

ಸಿಸ್ಟರು ನಕ್ಕರು. ಸೌರಭ ಮಾತ್ರ ನೆಲ ನೋಡಿದ. ನೀನು ಕೈಯ ಗ್ಲೌಸು ಬಿಚ್ಚಿ ಡಬ್ಬದಲ್ಲಿ ಹಾಕಿ ನಿನ್ನ ಟೇಬಲ್ಲಿಗೆ ಹೋದೆ. ಬರೆದು ಕೊಟ್ಟ ಆ ತಾಯಿ ಹತ್ತು ಹೆಜ್ಜೆ ದೂರದಲ್ಲಿ ಸೆರಗು ಹೊತ್ತು ನಿಂತಿದ್ದಳು. ಮುಂದೆ ಬಂದು ಒಂದು ಮಾತು ಆಡಲಿಲ್ಲ.

ಅಲ್ಲಾಸಾಬಣ್ಣ ತಿರುಗಿ ನನ್ನನ್ನು ನೋಡಿದ. ಊರಿಗೆ ಬಂದು ಇಳಿಯುವಾಗ ಹೇಳಿದ: "ಬಾಳವ್ವಾ, ನನ್ನ ಮಾನದ ಚಿಂತಿ ನಾ ಮಾಡ್ಕೋತೇನಿ. ನೀ ನಿನ್ನ ಮಗಳದ್ದು ಮಾಡು."

ಆರತಿ, ಆ ಕಾಗದ ಬರೆದ ದಿನ ನಿನ್ನ ಲಗ್ನದ ಮಾತು ಎಲ್ಲಿಯೋ ನಡೆದಿತ್ತು. "ಹುಡುಗಿ ಗಂಡಸ್ರ ಅದನ್ನ ನೋಡೂ ಡಾಕ್ಟರ್ ಅಂತಲ್ಲ" ಎಂದು ಗಂಡಿನ ಕಡೆಯ ಹೆಂಗಸು ಮೂಗು ಮುರಿದಳು. ಅದಕ್ಕೇ ಬರೆದೆ, ಬರೆದು ಮರೆತೂಬಿಟ್ಟೆ. ಆ ಲಗ್ನವೂ ಆಗಲಿಲ್ಲ. ಇದನ್ನು ಕಾರಣವೆಂದು ಹೇಳುತ್ತಿಲ್ಲ. ತಪ್ಪು ನನ್ನದೇ, ಆದದ್ದನ್ನು ಹೇಳುತ್ತಿದ್ದೇನೆ, ಅಷ್ಟೇ.

ಸೋಮವಾರ ದೊಡ್ಡ ಡಾಕ್ಟರಿಗೆ ಬರೆಯುತ್ತೇನೆ. ತಡೆಯಬೇಡ.

ಅವ್ವ

•

ಶಿರಗುಪ್ಪಿ
ಸೋಮವಾರ, 10 ನವೆಂಬರ್ 2025

ಮಾನ್ಯ ದೊಡ್ಡ ಡಾಕ್ಟರ ಸಾಹೇಬರಿಗೆ ಶರಣು.

ಇವತ್ತು ಕಾರ್ತಿಕ ಸೋಮವಾರ, ನನ್ನ ಉಪವಾಸ. ಉಪವಾಸದಲ್ಲಿ ಸುಳ್ಳು ಬರೆಯುವುದಿಲ್ಲ. ಕೆಲಸವೆಲ್ಲ ಮುಗಿಸಿ, ಕೈ ತೊಳೆದು ಕುಳಿತಿದ್ದೇನೆ.

ನಾನು ನಿಮ್ಮಲ್ಲಿ ಕಲಿಯುವ ಆರತಿಯ ತಾಯಿ. ಗುರುವಾರ ನೀವು "ಈಕಿ ತಾಯಿನ ಬರದು ಕೊಟ್ಟಾರ" ಎಂದು ನಗುವಾಗ ಕಂಬದ ಹತ್ತಿರ ನಿಂತ ಹಸಿರು ಸೀರೆಯವಳು. ಅಂದು ನನಗೆ ಬಾಯಿ ಬರಲಿಲ್ಲ. ಇವತ್ತು ಬಂದಿದೆ.

ಎರಡು ವರ್ಷದ ಹಿಂದೆ ಹೋಳಿಗೆ ಡಬ್ಬಿಯಲ್ಲಿ ಕಾಗದ ಇಟ್ಟವಳು ನಾನೇ. ಅದರಲ್ಲಿನ ಮೂರನೆಯ ಮಾತು ತಪ್ಪು. ಮಂದಿಯ ಬಾಯಿಗೆ ಹೆದರಿ ಬರೆದೆ. ದೇವರ ಮುಂದೆ ತಪ್ಪೊಪ್ಪಿಕೊಂಡಿದ್ದೇನೆ, ಮಗಳ ಮುಂದೆಯೂ ಒಪ್ಪಿಕೊಂಡಿದ್ದೇನೆ. ಈಗ ನಿಮ್ಮ ಮುಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನನ್ನ ತಪ್ಪು ಅಲ್ಲಿಗೆ ಮುಗಿಯಿತು. ಇನ್ನು ನಿಮ್ಮದು.

ನಾನು ಮೂರು ಮಾತು ಬರೆದಿದ್ದೆ. ಹೊತ್ತಿಗೆ ಊಟಕ್ಕೆ ಬಿಡಿರಿ ಎಂದೆ. ಅವಳ ಬುತ್ತಿ ಎಷ್ಟೋ ದಿನ ಸಂಜೆ ಐದರ ತನಕ ಗೇಟಿನಲ್ಲೇ ಇರುತ್ತದೆ ಎಂದು ವಾಚಮನ್ ಹೇಳುತ್ತಾನೆ. ಹೆಣ್ಣುಮಕ್ಕಳಿಗೆ ಚಿಲಕವಿರುವ ಖೋಲಿ ಕೊಡಿರಿ ಎಂದೆ. ಗುರುವಾರ ಹೋಗಿ ನೋಡಿದೆ, ಬಾಗಿಲಿಗೆ ಚಿಲಕವಿಲ್ಲ, ಕುರ್ಚಿ ಅಡ್ಡ ಇಟ್ಟು ಮಲಗುತ್ತಾರೆ. ಆ ಎರಡೂ ಮಾತು ಹಳ್ಳಿಯ ಹೆಂಗಸಿನ ಹುಚ್ಚು ಎಂದು ಬಿಟ್ಟಿರಿ. ಮೂರನೆಯದು ಮಾತ್ರ ನಿಮಗೆ ಸರಕಾರದ ಆರ್ಡರ್ ಆಯಿತೇ? ಮೂವತ್ತು ವರ್ಷದ ಡಾಕ್ಟರಿಗೆ ಏನು ಕಲಿಸಬೇಕು, ಏನು ಕಲಿಸಬಾರದು ಎಂದು ಏಳನೆಯ ಇಯತ್ತೆಯವಳನ್ನು ಕೇಳಿ ನಡೆಸುವ ಪದ್ಧತಿ ನಿಮ್ಮ ಯಾವ ಪುಸ್ತಕದಲ್ಲಿದೆ? ಸೌರಭನ ತಾಯಿಯನ್ನೂ ಕೇಳಿದ್ದಿರೇನು?

ಸಾಹೇಬರೇ, ನನ್ನ ಕಾಗದ ನಿಮಗೆ ಬೇಕಾಗಿತ್ತು. ಅದು ಇರದಿದ್ದರೂ ಅವಳು ಬಾಗಿಲಲ್ಲೇ ಕೂಡುತ್ತಿದ್ದಳು ಎಂದು ನನಗೆ ಈಗ ಅನಿಸುತ್ತದೆ. ಅವಳು ಕೇಳಿದಾಗಲೆಲ್ಲ ತೋರಿಸಲು ಕೈಗೆ ಒಂದು ಚೀಟಿ ಸಿಕ್ಕಿತು, ಅದರ ಮರೆಯಲ್ಲಿ ಎರಡು ವರ್ಷ ಕಳೆದಿರಿ. ಮಗಳನ್ನು ತಡೆಯಲು ತಾಯಿಯ ಸಹಿಯನ್ನೇ ಬಳಸಿದಿರಿ. ಅದರ ಮೇಲೆ ನಗುತ್ತಲೂ ಇದ್ದಿರಿ. ನನಗೆ ತಾಳಲಾರದ್ದು ಆ ನಗು.

ಬುಧವಾರ ಅಲ್ಲಾಸಾಬಣ್ಣ ಅಡ್ಮಿಟ್ ಆಗುತ್ತಾನೆ. ಈ ಕಾಗದ ಅವನ ಕೈಯಲ್ಲಿದೆ. ತನ್ನ ಆಪರೇಷನ್ ಆರತಿಯೇ ಮಾಡಬೇಕೆಂದು ಅವನು ಕೆಳಗೆ ಸಹಿ ಮಾಡಿದ್ದಾನೆ. ಗ್ರೀಸಿನ ಕಲೆಯನ್ನು ಕ್ಷಮಿಸಿರಿ, ಹಿಂದಿನ ಕಾಗದದಲ್ಲಿ ತುಪ್ಪದ್ದಿತ್ತು. ನೀವು ಅವಳ ಪಕ್ಕದಲ್ಲಿ ನಿಲ್ಲಿರಿ. ತಪ್ಪಿದರೆ ಬೈಯಿರಿ, ತಿದ್ದಿರಿ. ಆದರೆ ಅರ್ಧಕ್ಕೆ ಕೈ ಬಿಡಿಸಬೇಡಿರಿ. ಗುರುವೆಂದು ನಂಬಿ ನಿಮ್ಮಲ್ಲಿ ಬಿಟ್ಟಿದ್ದೇವೆ. ಕಲಿಸುವುದನ್ನು ಬಿಟ್ಟು ನಾವು ಬೇರೇನೂ ಕೇಳುತ್ತಿಲ್ಲ.

ನನ್ನ ಸ್ಟೀಲ್ ಡಬ್ಬಿ ಇನ್ನೂ ನಿಮ್ಮಲ್ಲಿಯೇ ಇದೆ. ಮುಚ್ಚಳದ ಮೇಲೆ ನಮ್ಮ ಮನೆಯವರ ಹೆಸರು, ಶಾಂತಯ್ಯ, ಎಂದು ಕೊರೆಸಿದೆ. ಗುರುವಾರ ಅದನ್ನು ಹುಡುಕಿಸಿರಿ. ನನ್ನ ಹಳೆಯ ಕಾಗದವನ್ನು ಫೈಲಿನಿಂದ ತೆಗೆದು ಅದರಲ್ಲಿ ಹಾಕಿರಿ. ನನಗೆ ದೊಡ್ಡ ಉತ್ತರ ಬರೆಯಲು ನಿಮಗೆ ಪುರಸೊತ್ತು ಇರಲಿಕ್ಕಿಲ್ಲ. ಅಂದಿನ ಆಪರೇಷನ್ನಿಗೆ ಲಾಗ್ ಬುಕ್ಕಿನಲ್ಲಿ ಯಾರ ಹೆಸರಿನ ಮುಂದೆ ಸಹಿ ಮಾಡುತ್ತೀರೋ, ಆ ಒಂದು ಹೆಸರನ್ನು ಚೀಟಿಯಲ್ಲಿ ಬರೆದು ಅದೇ ಡಬ್ಬಿಯಲ್ಲಿಡಿರಿ. ಮಾಶಾಬಿ ಆಪರೇಷನ್ ಕೋಣೆಯ ಬಾಗಿಲಲ್ಲೇ ಕುಳಿತಿರುತ್ತಾಳೆ, ಅವಳ ಕೈಗೆ ಕೊಡಿರಿ.

ನಿಮ್ಮ
ಬಾಳವ್ವ, ಆರತಿಯ ತಾಯಿ

ಅಲ್ಲಾಸಾಬ (ಸಹಿ)

ಮೆಹಬೂಬನಿಗೆ ಬೇರೆ ಚೀಟಿ: ತಮ್ಮಾ, ಗುರುವಾರ ಐದರ ಬಸ್ಸು ಬಿಡುವ ಮೊದಲು ದವಾಖಾನೆಗೆ ಹೋಗಿ ಮಾಶಾಬಿಯ ಕಡೆಯಿಂದ ಡಬ್ಬಿ ಇಸಿದುಕೊಂಡು ಬಾ. ದಾರಿಯಲ್ಲಿ ಮುಚ್ಚಳ ತೆಗೆಯಬೇಡ. ನಾನು ಸ್ಟಾಪಿನಲ್ಲಿ ನಿಂತಿರುತ್ತೇನೆ.